ಕ್ಯಾಸೆಟ್ಟಿನಲ್ಲಿ ಇಲ್ಲದ ಹಾಡು

ನಮ್ಮ ಮನೆಗೆ ಇಂಗ್ಲೆಂಡಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್ ಬಂದದ್ದು ಚಿಮಣಿಯ ನೆಪದಲ್ಲಿ.

1989ನೇ ಇಸವಿ. ನಾವು ಶಕ್ತಿನಗರದ ಕ್ವಾರ್ಟರ್ಸಿನಲ್ಲಿದ್ದೆವು. ಅಪ್ಪ ಆರ್‌ಟಿಪಿಎಸ್‌ನಲ್ಲಿ ಅಂದರೆ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ ಕಲ್ಲಿದ್ದಲು ಇಳಿಸುವ ವಿಭಾಗದಲ್ಲಿದ್ದರು. ಮೊದಲ ಘಟಕ ಶುರುವಾಗಿ ಆಗಿನ್ನೂ ನಾಲ್ಕು ವರ್ಷ. ಬೆಳಿಗ್ಗೆ ಬಟ್ಟೆ ಒಣಹಾಕಿದರೆ ಸಂಜೆಗೆ ಅದರ ಮೇಲೆ ತೆಳ್ಳಗೆ ಬೂದಿ. ಅಂಗಳದಲ್ಲಿ ನಿಂತು ತಲೆ ಎತ್ತಿದರೆ ಚಿಮಣಿ. ಸಿಕಂದರಾಬಾದಿನಲ್ಲಿ ಕೆಲಸಕ್ಕಿದ್ದ ಮಾಮ, ಅಂದರೆ ಅವ್ವನ ತಮ್ಮ, ಒಂದು ಭಾನುವಾರ ರಾಯಚೂರಿಗೆ ರೈಲಿನಲ್ಲಿ ಬಂದು, ಅಲ್ಲಿಂದ ಬಸ್ಸು ಹಿಡಿದು ಮನೆಗೆ ಬಂದ. ಅಂಗಿ ಜೇಬಿನಿಂದ ಒಂದು ಕ್ಯಾಸೆಟ್ ತೆಗೆದ. ಅದರ ಡಬ್ಬಿಯೊಳಗೆ ಯಾವುದೋ ಪತ್ರಿಕೆಯಿಂದ ಕತ್ತರಿಸಿದ ಚಿತ್ರ. ನಾಲ್ಕು ಚಿಮಣಿಯ ದೊಡ್ಡ ಕಟ್ಟಡ.

“ನೋಡ್ರಿ, ನಿಮ್ಮಪ್ಪನ ಆಫೀಸು,” ಅಂದ.

ಅದು ಲಂಡನ್ನಿನ ಥೇಮ್ಸ್ ನದಿ ದಡದ ಬ್ಯಾಟರ್‌ಸೀ ವಿದ್ಯುತ್ ಕೇಂದ್ರ. ಅದೂ ಕಲ್ಲಿದ್ದಲಿನದ್ದೇ. 1977ರಲ್ಲಿ ಬಂದ ಪಿಂಕ್ ಫ್ಲಾಯ್ಡಿನ ‘ಅನಿಮಲ್ಸ್’ ಆಲ್ಬಂನ ಮುಖಪುಟ. ಚಿಮಣಿಗಳ ನಡುವೆ ಗಾಳಿ ತುಂಬಿದ ಒಂದು ಹಂದಿ ತೇಲುತ್ತಿದೆ. ಚಿತ್ರ ತೆಗೆಯುವಾಗ ಆ ಹಂದಿ ಹಗ್ಗ ಕಿತ್ತುಕೊಂಡು ವಿಮಾನ ಓಡಾಡುವ ದಾರಿಗೆ ಹಾರಿತ್ತು, ಕೊನೆಗೆ ಕೆಂಟ್ ಕಡೆಯ ಒಬ್ಬ ರೈತನ ಹೊಲದಲ್ಲಿ ಇಳಿಯಿತು. ಇದನ್ನೆಲ್ಲ ಮಾಮ ಹೇಳುತ್ತಿದ್ದರೆ ಅಣ್ಣ ಬಾಯಿ ತೆರೆದು ಕೇಳುತ್ತಿದ್ದ. ಅವನಾಗ ಪಿಯುಸಿ. ನಾನು ಐದನೇ ಕ್ಲಾಸು. ನಮ್ಮ ಕೃಷ್ಣಾ ನದಿ, ನಮ್ಮ ಚಿಮಣಿ, ನಮ್ಮ ಬೂದಿ. ಲಂಡನ್ನಿನಲ್ಲಿ ಇಂಥದ್ದರ ಬಗ್ಗೆ ಹಾಡು ಕಟ್ಟಿದವರಿದ್ದಾರೆ ಅಂದರೆ ಅವರು ನಮ್ಮವರೇ ಅನ್ನಿಸಿತು.

ಅದು ನೈಂಟಿ ಕ್ಯಾಸೆಟ್. ಒಂದು ಬದಿಗೆ 45 ನಿಮಿಷ. ಎ ಸೈಡಿನಲ್ಲಿ ‘ಅನಿಮಲ್ಸ್’. ಬಿ ಸೈಡಿನಲ್ಲಿ 1971ರ ‘ಮೆಡಲ್’. ಗೆಳೆಯನ ಮನೆಯ ಎಲ್‌ಪಿಗಳಿಂದ ಮಾಮ ತಾನೇ ರೆಕಾರ್ಡ್ ಮಾಡಿಕೊಂಡು ಬಂದಿದ್ದ. ಹಾಡುಗಳ ಹೆಸರನ್ನು ಬಾಲ್‌ಪೆನ್ನಿನಲ್ಲಿ ನಂಬರ್ ಹಾಕಿ ಬರೆದಿದ್ದ. ‘ಮೆಡಲ್’ ಕಡೆ ಒಂದರಿಂದ ಐದು. ಹಾಲಿನಲ್ಲಿ ಅಜ್ಜಿಯ ಮಂಚ. ಮಂಚದ ಪಕ್ಕ ಟೇಬಲ್ಲು. ಟೇಬಲ್ಲಿನ ಮೇಲೆ ನಮ್ಮ ಟೂ ಇನ್ ಒನ್, ರೇಡಿಯೋ ಮತ್ತು ಟೇಪ್ ರೆಕಾರ್ಡರ್ ಒಂದರಲ್ಲೇ. ಅಲ್ಲಿ ಅದು ವರ್ಷಗಟ್ಟಲೆ ತಿರುಗಿತು.

ಕ್ಯಾಸೆಟ್ಟಿನಲ್ಲಿ ಒಂದು ಹಾಡು ದಾಟಿ ಮುಂದಿನದಕ್ಕೆ ಹೋಗುವುದು ಕಷ್ಟ. ಫಾರ್ವರ್ಡ್ ಒತ್ತಿ, ಅಂದಾಜಿನಲ್ಲಿ ನಿಲ್ಲಿಸಿ, ಹೆಚ್ಚಾಯಿತು ಅಂತ ಹಿಂದೆ ಸುತ್ತಿ, ಅಷ್ಟರಲ್ಲಿ ಟೇಪು ಸಿಕ್ಕಿಕೊಂಡರೆ ಪೆನ್ಸಿಲ್ ತಗೊಂಡು ಕೂರಬೇಕು. ಹಾಗಾಗಿ ನಾವು ಎಲ್ಲವನ್ನೂ ಕೇಳಿದೆವು. ಇಷ್ಟವಾದದ್ದನ್ನೂ, ಆಗದ್ದನ್ನೂ, ಅದೇ ಸಾಲಿನಲ್ಲಿ. ಯಾರೂ ಹೊಗಳದ ಹಾಡುಗಳು ಮನಸ್ಸಿಗೆ ಇಳಿದದ್ದು ಹೀಗೆ. ಮುಂದೆ ಕಾಲೇಜಿಗೆ ಹೋದಾಗ ನೋಡಿದೆ, ಪಿಂಕ್ ಫ್ಲಾಯ್ಡ್ ಅಂದರೆ ಎಲ್ಲರೂ ಹೇಳುತ್ತಿದ್ದದ್ದು ಶಾಲೆ ಮಕ್ಕಳ ಕೋರಸ್ ಇರುವ ಆ ಒಂದು ಹಾಡನ್ನು. ನಾನು ‘ಫಿಯರ್‌ಲೆಸ್’ ಅಂದರೆ ಯಾರಿಗೂ ಗೊತ್ತಿರಲಿಲ್ಲ.

ಅಣ್ಣನಿಗೆ ಇಬ್ಬರು ಗೆಳೆಯರು. ಒಬ್ಬ ಹಟ್ಟಿ ಚಿನ್ನದ ಗಣಿಯ ಕಾಲೊನಿಯಿಂದ ಬಂದವನು. ಇನ್ನೊಬ್ಬ ಮಾನ್ವಿ ಕಡೆಯವನು, ಮನೆಯಲ್ಲಿ ಮೂರು ತಲೆಮಾರಿನಿಂದ ಭಜನೆ. ನನಗೆ ಅವರು ಹಟ್ಟಿಯಣ್ಣ, ಮಾನ್ವಿಯಣ್ಣ. ಈಗಲೂ ಹಾಗೇ ಕರೆಯುತ್ತೇನೆ. ಮೂವರೂ ಕೂತರೆ ವಾದ ಒಂದೇ: ದೊಡ್ಡ ಹಾಡುಗಳನ್ನು ಬಿಟ್ಟು, ಉಳಿದವುಗಳಲ್ಲಿ ಯಾವುದು ಹೆಚ್ಚು?

1998ರಲ್ಲಿ ಆ ವಾದಕ್ಕೆ ಹೊಸ ಕಿಡಿ ಬಿತ್ತು. ಅಣ್ಣ ಹೈದರಾಬಾದಿನಲ್ಲಿ ಕೆಲಸಕ್ಕೆ ಸೇರಿ, ಮೊದಲ ಸಂಬಳದಲ್ಲಿ ‘ಮೆಡಲ್’ ಸಿಡಿ ಕೊಂಡ. ಅದೇ ರಾತ್ರಿ ಮನೆಗೆ ಫೋನ್ ಮಾಡಿದ. “ತಂಗೆಮ್ಮ, ಇದರಾಗ ಆರು ಹಾಡು ಅವ!”

ನಮಗೆ ಗೊತ್ತಿಲ್ಲದ ಆ ಆರನೆಯದ್ದು ‘ಶೇಮಸ್’. ‘ಸ್ಯಾನ್ ಟ್ರೋಪೇ’ ಆದಮೇಲೆ, ‘ಎಕೋಸ್’ಗೆ ಮೊದಲು. ಎರಡು ನಿಮಿಷ ಚಿಲ್ಲರೆ. ಒಬ್ಬ ಗಿಟಾರ್ ಮೀಟುತ್ತಾನೆ, ಮೌತ್ ಆರ್ಗನ್ ನುಡಿಯುತ್ತದೆ, ಜೊತೆಗೆ ಒಂದು ನಾಯಿ ಊಳಿಡುತ್ತದೆ. ನಿಜವಾದ ನಾಯಿ. ಹೆಸರೂ ಶೇಮಸ್. ಸ್ಟೀವ್ ಮ್ಯಾರಿಯಟ್ ಅನ್ನುವ ಇನ್ನೊಬ್ಬ ರಾಕ್ ಹಾಡುಗಾರನ ನಾಯಿ ಅದು. ಸ್ವಲ್ಪ ದಿನ ಪಿಂಕ್ ಫ್ಲಾಯ್ಡಿನ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಅದನ್ನು ನೋಡಿಕೊಳ್ಳುತ್ತಿದ್ದರು. ಮೌತ್ ಆರ್ಗನ್ ಊದಿದರೆ ಸಾಕು, ಅದು ದನಿಗೂಡಿಸುತ್ತಿತ್ತು. ಅದನ್ನೇ ರೆಕಾರ್ಡ್ ಮಾಡಿ ಹಾಡು ಮಾಡಿದರು. ಪಿಂಕ್ ಫ್ಲಾಯ್ಡಿನ ಕೆಟ್ಟ ಹಾಡು ಯಾವುದು ಅಂದರೆ ಅಭಿಮಾನಿಗಳು ಮೊದಲು ತೆಗೆಯುವ ಹೆಸರುಗಳಲ್ಲಿ ಇದೂ ಒಂದು.

ಮಾಮ ಇದನ್ನು ಯಾಕೆ ಬಿಟ್ಟ? ಅಣ್ಣ ಆಗ ಕೇಳಿದ್ದ. “ಹಿಡೀಲಿಲ್ಲಪಾ,” ಅಂದುಬಿಟ್ಟಿದ್ದ ಮಾಮ. ಅಣ್ಣ ಲೆಕ್ಕ ಹಾಕಿ ನೋಡಿದ. ಇಡೀ ‘ಮೆಡಲ್’ 46 ಮುಕ್ಕಾಲು ನಿಮಿಷ. ಕ್ಯಾಸೆಟ್ಟಿನ ಬದಿ 45. ‘ಶೇಮಸ್’ ಬಿಟ್ಟರೆ 44 ಚಿಲ್ಲರೆ. ಸರಿಯಾಗಿ ಹಿಡಿಯುತ್ತದೆ. ಇಲ್ಲದಿದ್ದರೆ ‘ಎಕೋಸ್’ ಬಾಲ ಕತ್ತರಿಸಿ ಹೋಗುತ್ತಿತ್ತು. ಮಾಮನ ಲೆಕ್ಕ ಪಕ್ಕಾ ಅಂತ ಅಣ್ಣ ತೀರ್ಮಾನಿಸಿದ. ಆದರೆ ಬಿಟ್ಟದ್ದು ಸರಿಯೇ ಅಂತ ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಮೂವರೂ ಜಗಳವಾಡಿದರು. ಮದುವೆ ಮನೆಗಳಲ್ಲಿ, ಫೋನಿನಲ್ಲಿ, ಒಮ್ಮೆ ಅಪ್ಪನ ತಿಥಿಯ ಊಟ ಮುಗಿದ ಮೇಲೂ.

ಈ ಸಲ ಯುಗಾದಿಗೆ ಅಣ್ಣ ಬಂದಿದ್ದ. ನಾವೀಗ ರಾಯಚೂರಿನ ಸ್ವಂತ ಮನೆಯಲ್ಲಿದ್ದೇವೆ. ಸುಣ್ಣ ಬಳಿಯಲು ಅಟ್ಟ ಖಾಲಿ ಮಾಡುವಾಗ ಕಬ್ಬಿಣದ ಟ್ರಂಕು ಇಳಿಸಿದೆವು. ಅದರೊಳಗೆ ಕ್ಯಾಸೆಟ್ಟುಗಳು. ತಳದಲ್ಲಿ ಟೂ ಇನ್ ಒನ್. ಅಣ್ಣ ಅಲ್ಲೇ ನೆಲದ ಮೇಲೆ ಕೂತುಬಿಟ್ಟ.

ಮರುದಿನ ತೀನ್ ಕಂದಿಲ್ ಹತ್ತಿರದ ಒಂದು ರಿಪೇರಿ ಅಂಗಡಿಗೆ ಒಯ್ದೆವು. ವಯಸ್ಸಾದ ಮೇಸ್ತ್ರಿ ಹಿಂದಿನ ಮುಚ್ಚಳ ಬಿಚ್ಚಿ ನೋಡಿದರು. ಒಳಗಿನ ರಬ್ಬರ್ ಬೆಲ್ಟು ಕರಗಿ ಅಂಟಾಗಿತ್ತು. ರಾಯಚೂರಿನ ಬಿಸಿಲಿಗೆ ಅಟ್ಟದಲ್ಲಿ ಇನ್ನೇನು ಉಳಿದೀತು? ಸ್ಪಿರಿಟ್ ಹಚ್ಚಿ ಒರೆಸಿ, ಹೊಸ ಬೆಲ್ಟು ಹಾಕಿದರು. ಕ್ಯಾಸೆಟ್ಟಿನೊಳಗೆ ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಚಿಕ್ಕ ಫೆಲ್ಟು ಉದುರಿಹೋಗಿತ್ತು. ಅವರು ಬೇರೆ ಹಳೇ ಕ್ಯಾಸೆಟ್ಟಿನಿಂದ ಒಂದನ್ನು ಕಿತ್ತು ಅಂಟಿಸಿಕೊಟ್ಟರು. “ಮೊದ್ಲು ಎರಡೂ ಕಡಿ ಒಂದೊಂದು ಸಲ ಪೂರಾ ಸುತ್ರಿ, ಆಮ್ಯಾಗ ಹಾಡ್ಸ್ರಿ,” ಅಂದರು. ಅಷ್ಟು ಅಕ್ಕರೆಯಿಂದ ಕೆಲಸ ಮಾಡುವವರನ್ನು ಕಂಡರೆ ನನಗೆ ಕಾಲಿಗೆ ಬೀಳಬೇಕು ಅನ್ನಿಸುತ್ತದೆ.

ಸಂಜೆ ಹಟ್ಟಿಯಣ್ಣ, ಮಾನ್ವಿಯಣ್ಣ ಇಬ್ಬರೂ ಬಂದರು. ಅವ್ವ ವಗ್ಗರಣೆ ಕಲಸಿ, ಮಿರ್ಚಿ ಕರಿದಿದ್ದಳು. ಕ್ಯಾಸೆಟ್ ಹಾಕುವ ಮೊದಲು ಅಣ್ಣ ಒಂದು ನಿಯಮ ಮಾಡಿದ. ಬಿ ಸೈಡು ಮೊದಲಿಂದ ಕೊನೆವರೆಗೆ ಕೇಳುವುದು. ‘ಎಕೋಸ್’ ಬಗ್ಗೆ ಯಾರೂ ಮಾತಾಡುವಂತಿಲ್ಲ, ಅದು ದೊಡ್ಡದು ಅಂತ ಎಲ್ಲರೂ ಒಪ್ಪಿದ್ದಾಗಿದೆ. ಉಳಿದವುಗಳ ಪರ ಒಬ್ಬೊಬ್ಬರು ವಾದಿಸಬೇಕು. “ಈ ಸಲ ನೀನೂ ಹೇಳಬೇಕವ್ವ,” ಅಂತ ನನ್ನ ಕಡೆ ನೋಡಿದ. ಅಷ್ಟು ವರ್ಷ ನಾನು ಕ್ಯಾಸೆಟ್ ತಿರುಗಿಸಿ ಹಾಕುವವಳು, ಚಾ ಕೊಡುವವಳು. ಯಾರೂ ನನ್ನ ಕೇಳಿರಲಿಲ್ಲ.

ಪ್ಲೇ ಒತ್ತಿದೆವು. ಗಾಳಿ ಬೀಸಿತು. ‘ವನ್ ಆಫ್ ದೀಸ್ ಡೇಸ್’. ಎರಡು ಬಾಸ್ ಗಿಟಾರು ಒಟ್ಟಿಗೆ, ಅವುಗಳ ಮೇಲೆ ಪ್ರತಿಧ್ವನಿ ಯಂತ್ರ. ಇದು ಅಣ್ಣನ ಹಾಡು. ಮಾನ್ವಿಯಣ್ಣ ಕಿವಿ ಓರೆ ಮಾಡಿ, “ಅರ್ಧ ಸ್ವರ ಇಳಿದೈತಿ ಇದು,” ಅಂದ. ಹೌದು, ಮೋಟರ್ ಕೊಂಚ ನಿಧಾನ ತಿರುಗುತ್ತಿತ್ತು. ಹಾರ್ಮೋನಿಯಂ ಹಿಡಿದು ಬೆಳೆದವನ ಕಿವಿಗೆ ಗೊತ್ತಾಗದೆ ಇರುತ್ತದೆಯೇ? ಆದರೆ ಆ ಇಳಿದ ಸ್ವರದಲ್ಲಿ ಹಾಡಿಗೆ ಇನ್ನೂ ಭಾರ ಬಂದಿತ್ತು. ಅಣ್ಣ ಹೇಳಿದ: “ಅಪ್ಪನ ಜೋಡಿ ಒಮ್ಮೆ ಕನ್ವೇಯರ್ ಬೆಲ್ಟ್ ನೋಡಾಕ ಹೋಗಿದ್ದೆ. ಕಲ್ಲಿದ್ದಲು ಹೋಗೋ ಸಪ್ಪಳ ಎದಿಯೊಳಗ ಹೊಡೀತಿತ್ತು. ಈ ಹಾಡು ಕೇಳಿದಾಗೆಲ್ಲ ಅಪ್ಪ ಪಕ್ಕದಾಗ ನಿಂತಂಗ ಆಗ್ತದ.” ಅದಾದ ಮೇಲೆ ಯಾರೂ ಎದುರು ಮಾತಾಡಲಿಲ್ಲ.

‘ಎ ಪಿಲ್ಲೋ ಆಫ್ ವಿಂಡ್ಸ್’ ಬಂತು. ಈ ಹೆಸರು ಮಾಜಾಂಗ್ ಅನ್ನುವ ಚೀನೀ ಆಟದ ಒಂದು ಮಾತು. ಬ್ಯಾಂಡಿನವರು ಆಗ ಬಿಡುವಿನಲ್ಲಿ ಅದನ್ನು ಆಡುತ್ತಿದ್ದರಂತೆ. ಮಾನ್ವಿಯಣ್ಣ ಇದರ ಪರ. ಅವನ ವಾದ ನನಗೆ ಯಾವಾಗಲೂ ಇಷ್ಟ. ರಾತ್ರಿಯಿಡೀ ಭಜನೆ ನಡೆಯುವಾಗ ಎಲ್ಲರಿಗೂ ಬಾಯಿಪಾಠ ಇರುವ ದಾಸರ ಪದಗಳು ಹತ್ತು ಗಂಟೆಯೊಳಗೆ ಮುಗಿದುಬಿಡುತ್ತವೆ. ಎರಡು, ಮೂರು ಗಂಟೆಗೆ ಅರ್ಧ ಜನ ಗೋಡೆಗೆ ಒರಗಿರುತ್ತಾರೆ. ಆಗ ಯಾರೋ ಒಬ್ಬರು ಯಾರೂ ಕೇಳಿರದ ಒಂದು ಪದ ಎತ್ತುತ್ತಾರೆ. ಮೆಲ್ಲಗೆ. ತಾಳವೂ ಜೋರಿಲ್ಲ. “ಆ ಪದ ಇರದಿದ್ರ ಬೆಳಗು ಆಗಂಗಿಲ್ಲ,” ಅಂದ. ಈ ಹಾಡಿನಲ್ಲೂ ಹಾಗೇ. ರಾತ್ರಿ ಮಲಗುವಲ್ಲಿ ಶುರುವಾಗಿ ಬೆಳಗಿಗೆ ಮುಗಿಯುತ್ತದೆ. ಅದಕ್ಕೆ ಅವಸರವೇ ಇಲ್ಲ.

ಆಮೇಲೆ ನನ್ನ ‘ಫಿಯರ್‌ಲೆಸ್’. ಗಿಟಾರು ಮೆಟ್ಟಿಲು ಹತ್ತಿದ ಹಾಗೆ ಒಂದೊಂದೇ ಹೆಜ್ಜೆ ಮೇಲೇರುತ್ತದೆ. ಹಾಡಿನ ಕೊನೆಗೆ ಸಾವಿರಾರು ಜನ ಒಟ್ಟಿಗೆ ಹಾಡುವುದು ಕೇಳುತ್ತದೆ. ಅದು ಲಿವರ್‌ಪೂಲ್ ಫುಟ್‌ಬಾಲ್ ತಂಡದ ಅಭಿಮಾನಿಗಳ ದನಿ. ಐದನೇ ಕ್ಲಾಸಿನಲ್ಲಿ ನನಗೆ ಅದೆಲ್ಲಿ ಗೊತ್ತು? ಜಾತ್ರೆಯಲ್ಲಿ ತೇರು ಎಳೆಯುವ ಜನ ಅಂದುಕೊಂಡಿದ್ದೆ. ಒಬ್ಬ ಒಂಟಿಯಾಗಿ ಗುಡ್ಡ ಹತ್ತುತ್ತಾನೆ, ಹತ್ತಿ ನೋಡಿದರೆ ಅಲ್ಲಿ ತೇರು ನಡೆದಿದೆ. ಇದನ್ನು ಆ ದಿನ ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಮೈಸೂರಿನ ಹಾಸ್ಟೆಲಿಗೆ ಹೋದ ಮೊದಲ ವಾರ ಇದನ್ನೇ ಮನಸ್ಸಿನಲ್ಲಿ ಹಾಡಿಕೊಂಡು ಮಲಗುತ್ತಿದ್ದೆ ಅಂತಲೂ ಹೇಳಿದೆ. ಹಟ್ಟಿಯಣ್ಣ ತಲೆ ಅಲ್ಲಾಡಿಸುತ್ತ, “ಇಷ್ಟು ವರ್ಷ ಯಾಕ ಹೇಳಿಲ್ಲ ತಂಗೆಮ್ಮ?” ಅಂದ. ನನಗೆ ಗಂಟಲು ಕಟ್ಟಿತು.

‘ಸ್ಯಾನ್ ಟ್ರೋಪೇ’ ಹಟ್ಟಿಯಣ್ಣನದು. ಈ ಆಲ್ಬಂನಲ್ಲಿ ಬ್ಯಾಂಡಿನ ರೋಜರ್ ವಾಟರ್ಸ್ ಒಬ್ಬರೇ ಬರೆದ ಹಾಡು ಇದೊಂದೇ. ಫ್ರಾನ್ಸಿನ ಸಮುದ್ರ ತೀರದ ಊರಿನಲ್ಲಿ ಸುಮ್ನೆ ಬಿಸಿಲು ಕಾಯಿಸುತ್ತಾ ಕೂರುವ ಹಾಡು. ಇದೇನು ಪಿಂಕ್ ಫ್ಲಾಯ್ಡಾ ಅಂತ ಬಹಳ ಜನ ಮೂಗು ಮುರಿಯುತ್ತಾರೆ. ಹಟ್ಟಿಯಣ್ಣ ಮಾತ್ರ ಬಿಟ್ಟುಕೊಡುವುದಿಲ್ಲ. ಅವರಪ್ಪ ಗಣಿಯಲ್ಲಿ ಶಿಫ್ಟು ಮುಗಿಸಿ ಮೇಲೆ ಬಂದು, ಸ್ನಾನ ಮಾಡಿ, ಬೇವಿನ ಮರದ ಕೆಳಗೆ ಮಂಚ ಹಾಕಿಕೊಂಡು ಕೂರುತ್ತಿದ್ದರು. ಏನೂ ಮಾಡುತ್ತಿರಲಿಲ್ಲ. ಬೆಳಕು ನೋಡುತ್ತಿದ್ದರು, ಅಷ್ಟೇ. “ಭೂಮಿ ಒಳಗಿಂದ ಬಂದವ್ರಿಗೆ ಗೊತ್ತು ಬಿಸಿಲಿನ ಬೆಲಿ. ಈ ಹಾಡು ಹಗುರ ಐತಿ ಅಂತ ಬೈಬ್ಯಾಡ್ರಿ,” ಅಂದ. ಕೊನೆಯಲ್ಲಿ ರಿಚರ್ಡ್ ರೈಟ್ ಪಿಯಾನೋ ಬಾರಿಸುವಾಗ ಅವನು ಕಣ್ಣು ಮುಚ್ಚಿಕೊಂಡ.

ಹಾಡು ಮುಗಿದ ತಕ್ಷಣ ಅಣ್ಣ ಪಾಜ್ ಗುಂಡಿ ಒತ್ತಿ ನಿಲ್ಲಿಸಿದ. ‘ಶೇಮಸ್’ ಇರಬೇಕಾದ ಜಾಗ ಇದೇ.

ಜಗಳ ಶುರುವಾಯಿತು. ಹಟ್ಟಿಯಣ್ಣ ಹೇಳಿದ, “ನಮ್ಮೂರಾಗ ಒಂದು ಟನ್ ಕಲ್ಲು ಅರದ್ರ ನಾಕು ಗ್ರಾಂ ಬಂಗಾರ ಬಂದ್ರ ಹೆಚ್ಚು. ಉಳಿದದ್ದು ಕಲ್ಲು. ಕಲ್ಲನ್ನ ಬಂಗಾರ ಅಂತ ಯಾರೂ ಮಾರಂಗಿಲ್ಲ. ಮಾಮ ಕಲ್ಲು ತೆಗೆದ, ಸರಿ ಮಾಡಿದ.” ಮಾನ್ವಿಯಣ್ಣ ತಡೆದುಕೊಳ್ಳಲಿಲ್ಲ. “ಆ ಕಲ್ಲಿಲ್ಲಾಂದ್ರ ನಿನ್ನ ಬಂಗಾರ ಎಲ್ಲಿ ಕುಂದರ್ತಿತ್ತು? ಹಾಡು ಬಿಡಾಕ ನಾವ್ಯಾರು? ಅವ್ರು ಆರು ಕೊಟ್ಟಾರ, ಆರೂ ಕೇಳಬೇಕು.” ಅಣ್ಣ ತನ್ನ ಲೆಕ್ಕ ತೆಗೆದ. ಎರಡು ನಿಮಿಷದ ನಾಯಿಯೋ, ‘ಎಕೋಸ್’ ಕೊನೆಯೋ, ಒಂದನ್ನೇ ಆರಿಸಬೇಕಿತ್ತು. ಮಾಮ ಸರಿಯಾದ್ದನ್ನು ಆರಿಸಿದ. ಹಾಗಂತ ಹಾಡು ಕೆಟ್ಟದ್ದಲ್ಲ ಅಂತಲೂ ಸೇರಿಸಿದ. 1971ರ ಅಕ್ಟೋಬರಿನಲ್ಲಿ ಇಟಲಿಯ ಪಾಂಪೇಯ ಹಾಳುಬಿದ್ದ ರಂಗಮಂದಿರದಲ್ಲಿ, ಒಬ್ಬ ಪ್ರೇಕ್ಷಕನೂ ಇಲ್ಲದೆ, ಪಿಂಕ್ ಫ್ಲಾಯ್ಡ್ ನುಡಿಸಿದ ಚಿತ್ರ ಇದೆಯಲ್ಲ, ಅದಕ್ಕೆ ಈ ಹಾಡನ್ನು ಮಾತಿಲ್ಲದೆ ಮತ್ತೆ ಮಾಡಿದರು. ಅದನ್ನು ಚಿತ್ರಿಸಿದ್ದು ಪ್ಯಾರಿಸ್ಸಿನ ಸ್ಟುಡಿಯೋದಲ್ಲಿ, ನಾಯಿಯೂ ಬೇರೆ, ನಾಬ್ಸ್ ಅಂತ ಅದರ ಹೆಸರು. ಗಿಲ್ಮೋರ್ ಮೌತ್ ಆರ್ಗನ್ ಊದುತ್ತಾರೆ, ರೈಟ್ ನಾಯಿಯನ್ನು ಹಿಡಿದುಕೊಂಡು ಕೂತಿದ್ದಾರೆ. “ಸುಮ್ನೆ ತಮಾಷೆಗೆ ಮಾಡಿದ್ದಾದ್ರ ಎರಡನೇ ಸಲ ಯಾಕ ಮಾಡ್ತಿದ್ರು?” ಅಂದ ಅಣ್ಣ.

ನಾನು ಹೇಳಿದೆ, ಮೊದಲು ಅದರ ಜಾಗದಲ್ಲಿ ಇಟ್ಟು ಕೇಳೋಣ. ಇಷ್ಟು ವರ್ಷದಲ್ಲಿ ನಾವು ಆ ಹಾಡನ್ನು ಬೇರೆಯಾಗಿ ಕೇಳಿದ್ದೆವು, ಅಣ್ಣ ಸಿಡಿಯಲ್ಲಿ ಕೇಳಿದ್ದ. ನಮ್ಮ ಕ್ಯಾಸೆಟ್ಟಿನ ನಡುವೆ, ನಾವು ಕೂತು ಬೆಳೆದ ಆ ಸಾಲಿನಲ್ಲಿ, ಯಾರೂ ಕೇಳಿರಲಿಲ್ಲ.

ಮೊಬೈಲನ್ನು ಟೂ ಇನ್ ಒನ್ ಸ್ಪೀಕರಿನ ಪಕ್ಕಕ್ಕೇ ಇಟ್ಟು ‘ಶೇಮಸ್’ ಹಾಕಿದೆ.

ಅವ್ವ ಒಳಗಿಂದ ಬಂದು ಬಾಗಿಲಲ್ಲಿ ನಿಂತಳು. ಕೈಯಲ್ಲಿ ಮಿರ್ಚಿ ಕರಿಯುವ ಜಾರಿ. ಎಂಬತ್ತು ದಾಟಿದವಳು. ನನಗೆ ಒಂದು ಕ್ಷಣ ಎದೆ ಝಲ್ಲೆಂದಿತು, ಯಾಕೆಂದರೆ ನಮ್ಮ ಮನೆಯಲ್ಲಿ ನಾಯಿ ಊಳಿಟ್ಟರೆ ಒಳ್ಳೆಯದಲ್ಲ ಅಂತ ನಂಬಿಕೆ. ಯಮ ಬರುವುದು ನಾಯಿಗೆ ಕಾಣುತ್ತದೆ ಅನ್ನುತ್ತಾರಲ್ಲ, ಹಾಗೆ. ನಿಲ್ಲಿಸಲು ಕೈ ಚಾಚಿದೆ. ಅವ್ವ ಬೇಡ ಅಂತ ಕೈ ಮಾಡಿದಳು. ಪೂರ್ತಿ ಕೇಳಿದಳು.

“ಇದು ಅಳೋ ನಾಯಿ ಅಲ್ಲ,” ಅಂದಳು. “ಹಾಡಾಕ ಬಂದ ನಾಯಿ. ಊದಿದಾಗ ಎತ್ತತೈತಿ, ಬಿಟ್ಟಾಗ ಬಿಡತೈತಿ. ಇದನ್ನ ಯಾಕ ಬಿಟ್ಟಿದ್ದ ನನ ತಮ್ಮ?”

ಇಷ್ಟು ವರ್ಷ ನಮ್ಮಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ. ಆ ಹಾಡಿನ ಮಾತಿನಲ್ಲೇ, ಹೊತ್ತು ಮುಳುಗುವಾಗ ನಾಯಿ ಕೂತು ಅಳುತ್ತದೆ ಅಂತ ಇದೆ. ನಾವು ಮಾತನ್ನು ಕೇಳಿದೆವು. ಅವ್ವನಿಗೆ ಇಂಗ್ಲಿಷ್ ಬರುವುದಿಲ್ಲ, ಅವಳು ನಾಯಿಯನ್ನು ಕೇಳಿದಳು.

“ತಡಿ, ಅವನ್ನೇ ಕೇಳ್ತೀನಿ,” ಅಂತ ಫೋನ್ ಹಚ್ಚಿಸಿದಳು. ಮಾಮನಿಗೂ ಈಗ ಎಪ್ಪತ್ತಾಗಿದೆ. ಸಿಕಂದರಾಬಾದಿನಲ್ಲೇ ಇದ್ದಾನೆ. ಸ್ಪೀಕರ್ ಹಾಕಿದೆವು. ಅವ್ವ ನೇರವಾಗಿ ಕೇಳಿದಳು, ಆ ನಾಯಿ ಹಾಡು ಯಾಕೆ ಬಿಟ್ಟೆ ಅಂತ. ಅಣ್ಣ ಪಕ್ಕದಿಂದ, “ಹಿಡೀಲಿಲ್ಲ ಅಂದಿದ್ದಿ ಅಲ್ಲ ಮಾಮ?” ಅಂದ.

ಮಾಮ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ. ಮೊದಲು ಅವನು ಆರೂ ಹಾಡು ತುಂಬಿದ್ದ. ‘ಎಕೋಸ್’ ಕೊನೆ ಕತ್ತರಿಸಿತ್ತು. ಅದರ ಬಗ್ಗೆ ಅವನೇನೂ ತಲೆ ಕೆಡಿಸಿಕೊಂಡಿರಲಿಲ್ಲ. ಚೀಲಕ್ಕೆ ಹಾಕಿಕೊಂಡು ರೈಲು ಹತ್ತುವ ಹಿಂದಿನ ರಾತ್ರಿ ಅವನಿಗೆ ನೆನಪಾಯಿತು, ನಮ್ಮ ಮನೆಯಲ್ಲಿ ಟೇಪ್ ರೆಕಾರ್ಡರ್ ಇರುವುದು ಎಲ್ಲಿ ಅಂತ.

“ಅವ್ವನ ಮಂಚದ ಪಕ್ಕ ಇತ್ತಲ್ಲವಾ ಅದು,” ಅಂದ.

ಅಜ್ಜಿ ಆಗ ಹಾಸಿಗೆ ಹಿಡಿದು ಏಳು ತಿಂಗಳು. ಟೌನ್‌ಶಿಪ್ಪಿನಲ್ಲಿ ಆಸ್ಪತ್ರೆ ಹತ್ತಿರ ಅಂತ ಮಗಳ ಮನೆಗೆ ಕರೆತಂದಿದ್ದರು. ರಾತ್ರಿ ಬೀದಿಯಲ್ಲಿ ನಾಯಿ ಊಳಿಟ್ಟರೆ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ಅದು ನನಗೂ ನೆನಪಿದೆ. ಮಾಮ ಚೀಲದಿಂದ ಕ್ಯಾಸೆಟ್ ತೆಗೆದು, ಗೆಳೆಯನನ್ನು ಎಬ್ಬಿಸಿ, ಬಿ ಸೈಡು ಪೂರ್ತಿ ಅಳಿಸಿ ಮತ್ತೆ ತುಂಬಿದ. ‘ಶೇಮಸ್’ ಬಿಟ್ಟು. ಆಗ ‘ಎಕೋಸ್’ ಪೂರ್ತಿ ಹಿಡಿಯಿತು. ಲೆಕ್ಕ ಹಾಕಿ ಮಾಡಿದ್ದಲ್ಲ. ಅಜ್ಜಿ ಆ ವರ್ಷದ ದೀಪಾವಳಿ ನೋಡಲಿಲ್ಲ. ಅದಾದ ಮೇಲೆ ಯಾರು ಕೇಳಿದರೂ ಹಿಡಿಯಲಿಲ್ಲ ಅಂತಲೇ ಹೇಳಿಕೊಂಡು ಬಂದ.

ಅಣ್ಣ ತನ್ನ ಕೈಯಲ್ಲಿದ್ದ ಕ್ಯಾಸೆಟ್ ಡಬ್ಬಿ ನೋಡುತ್ತಾ ಕೂತ. ಮಾಮನ ಅಕ್ಷರದಲ್ಲಿ ಒಂದರಿಂದ ಐದು.

“ಹಾಡು ನನಗ ಈಗ್ಲೂ ಸೇರಂಗಿಲ್ಲ ಮಾಮ,” ಅಂದ ಹಟ್ಟಿಯಣ್ಣ, ಮೆಲ್ಲಗೆ. “ಸುಳ್ಳು ಹೇಳಬಾರ್ದು.”

“ನಿನಗ ಸೇರಬೇಕಂತ ಎಲ್ಲೈತಿ?” ಅಂದ ಮಾಮ. “ಮುಂದಿಂದು ಹಾಕ್ರಿ. ನಾನೂ ಕೇಳ್ತೀನಿ.”

ಎಲ್‌ಪಿಯಲ್ಲಿ ‘ಶೇಮಸ್’ ಮೊದಲ ಬದಿಯ ಕೊನೆಯ ಹಾಡು. ಅದು ಮುಗಿದರೆ ಎದ್ದು ಹೋಗಿ ತಟ್ಟೆ ತಿರುಗಿಸಬೇಕು. ಎರಡನೇ ಬದಿ ತುಂಬ ‘ಎಕೋಸ್’ ಒಂದೇ, ಇಪ್ಪತ್ತಮೂರೂವರೆ ನಿಮಿಷ. ನಾಯಿಯ ದನಿ ನಿಂತು, ಮನೆ ಸುಮ್ಮನಾಗಿ, ಆ ಮೌನದಲ್ಲಿ ಸೂಜಿ ಇಳಿದು, ಆಮೇಲೆ ಮೊದಲ ‘ಟಿಂಗ್’. ನಮಗೆ ಆ ಮೌನ ಸಿಕ್ಕಿರಲೇ ಇಲ್ಲ. ನಮ್ಮ ಕ್ಯಾಸೆಟ್ಟಿನಲ್ಲಿ ಒಂದರ ಬಾಲಕ್ಕೆ ಇನ್ನೊಂದು ಅಂಟಿಕೊಂಡಿತ್ತು. ಆ ದಿನ ಫೋನಿನ ಮಾತು, ಅವ್ವನ ಮೂಗು ಒರೆಸುವ ಸದ್ದು, ಹೊರಗೆ ಆಟೋ ಹೋದದ್ದು, ಎಲ್ಲ ಆದಮೇಲೆ ನಾನು ಪಾಜ್ ಗುಂಡಿ ಬಿಟ್ಟೆ.

ಟಿಂಗ್.

ರೈಟ್ ಅವರ ಪಿಯಾನೋದ ಒಂದೇ ಒಂದು ಸ್ವರ, ತಿರುಗುವ ಸ್ಪೀಕರಿನೊಳಗಿಂದ ಹಾಯಿಸಿದ್ದು. ನೀರಿಗೆ ಹನಿ ಬಿದ್ದ ಹಾಗೆ. ಆ ಮನುಷ್ಯ 2008ರಲ್ಲಿ ತೀರಿಕೊಂಡರು. ಸ್ವರ ಇಲ್ಲಿದೆ, ರಾಯಚೂರಿನ ಒಂದು ಹಾಲಿನಲ್ಲಿ, ಅರ್ಧ ಸ್ವರ ಇಳಿದು. ಅಣ್ಣನ ನಿಯಮದಂತೆ ಯಾರೂ ಮಾತಾಡಲಿಲ್ಲ. ಅವ್ವ ಜಾರಿಯನ್ನು ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದಳು. ಫೋನ್ ಕಟ್ ಮಾಡಬೇಕು ಅಂತ ಯಾರಿಗೂ ಅನ್ನಿಸಲಿಲ್ಲ. ನಡುವೆ ಎಲ್ಲ ಕತ್ತಲೆಯಾಗಿ ಗಾಳಿ, ಕಾಗೆ, ದೂರದ ಚೀರಾಟ. ಮತ್ತೆ ಅದೇ ‘ಟಿಂಗ್’. ಕ್ಯಾಸೆಟ್ಟಿನಲ್ಲಿ ಉಳಿದುಕೊಂಡ ಆ ಕೊನೆಯ ನಿಮಿಷ ಬಂತು. ಮೇಲಕ್ಕೆ, ಇನ್ನೂ ಮೇಲಕ್ಕೆ ಏರುತ್ತಲೇ ಹೋಗುವ ದನಿಗಳು. ಆಮೇಲೆ ಬರೀ ಟೇಪಿನ ಸರಸರ. ಆಮೇಲೆ ಟಕ್ ಅಂತ ಪ್ಲೇ ಗುಂಡಿ ತಾನೇ ಮೇಲೆದ್ದಿತು.

“ಮುಗೀತಾ?” ಅಂತ ಫೋನಿನಿಂದ ಮಾಮ ಕೇಳಿದ.

“ಮುಗೀತು,” ಅಂದಳು ಅವ್ವ. “ಊಟ ಆತಾ ನಿಂದು?”